ಗಣಕಯಂತ್ರದ ಬೆಳಗಿನ ಹಾಜರಿ: ತಾನಾಗಿ ತೆರೆದುಕೊಳ್ಳುವ ತಂತ್ರಾಂಶಗಳು ಮತ್ತು ಸ್ವಯಂ ನವೀಕರಣ



ಸಂಘದ ಸದಸ್ಯರ ಮನೆಗಳಿಗೆ ಹೋದಾಗ ಗಣಕಯಂತ್ರದ ಬಗ್ಗೆ ನಮ್ಮ ಕಿವಿಗೆ ಬೀಳುವ ದೂರುಗಳಲ್ಲಿ ಎರಡು ಮುಖ್ಯವಾದವು. ಒಂದು, "ಗುಂಡಿ ಒತ್ತಿ, ಕಾಫಿ ಮಾಡಿಕೊಂಡು ಕುಡಿದು ಬಂದರೂ ಅದು ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ" ಎಂಬುದು. ಇನ್ನೊಂದು, "ನಮಗೆ ತುರ್ತು ಇರುವ ಹೊತ್ತಿಗೆ ಸರಿಯಾಗಿ ನವೀಕರಣ ನಡೆಯುತ್ತಿದೆ, ಆರಿಸಬೇಡಿ ಎಂದು ತೋರಿಸುತ್ತಾ ಕೂರುತ್ತದೆ" ಎಂಬುದು. ಎರಡಕ್ಕೂ ಮನೆಯಲ್ಲಿಯೇ, ಯಾವ ಖರ್ಚೂ ಇಲ್ಲದೆ, ಬಹುಮಟ್ಟಿಗೆ ಪರಿಹಾರ ಕಂಡುಕೊಳ್ಳಬಹುದು. ಆದರೆ ಪರಿಹಾರವನ್ನು ಹುಡುಕುವ ಆತುರದಲ್ಲಿ ಮಾಡಬಾರದ ಒಂದು ತಪ್ಪೂ ಇದೆ. ಆ ತಪ್ಪನ್ನು ಮಾಡಿದವರಲ್ಲಿ ನಾವೂ ಸೇರಿರುವುದರಿಂದ ಈ ಲೇಖನ.

ನಾವು ತಂತ್ರಜ್ಞರಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು, ಬ್ಯಾಂಕಿನ ಲೆಡ್ಜರುಗಳ ಮುಂದೆ ಕುಳಿತು, ಆಮೇಲೆ ಅದೇ ಮೇಜಿನ ಮೇಲೆ ಗಣಕಯಂತ್ರ ಬಂದಾಗ ಅಂಜುತ್ತಂಜುತ್ತಲೇ ಕಲಿತವರು. ಆದ್ದರಿಂದ ನಮಗೆ ಅರ್ಥವಾದ ರೀತಿಯಲ್ಲಿಯೇ, ನಮ್ಮ ವೃತ್ತಿಯ ಮಾತುಗಳಲ್ಲಿಯೇ ವಿವರಿಸುತ್ತೇವೆ. ಹೆಚ್ಚಿನ ಮನೆಗಳಲ್ಲಿ ಇರುವುದು ವಿಂಡೋಸ್ ಆದ ಕಾರಣ ಉದಾಹರಣೆಗಳೂ ಅದರವೇ.

ಬೆಳಗಿನ ಶಾಖೆ

ಬ್ಯಾಂಕಿನ ಶಾಖೆಯೊಂದು ಬೆಳಿಗ್ಗೆ ತೆರೆಯುವುದನ್ನು ನೆನಪಿಸಿಕೊಳ್ಳಿ. ಮೊದಲು ಶಟರ್ ಏರಬೇಕು, ದೀಪ ಹತ್ತಬೇಕು. ಇಬ್ಬರು ಅಧಿಕಾರಿಗಳು ತಮ್ಮ ತಮ್ಮ ಕೀಲಿಗಳನ್ನು ಹಾಕಿ ಖಜಾನೆ ತೆರೆಯಬೇಕು. ಕ್ಯಾಷಿಯರ್ ಕುಳಿತ ಮೇಲೆ ವ್ಯವಹಾರ ಆರಂಭ. ಇವರಿಲ್ಲದೆ ಶಾಖೆ ನಡೆಯದು. ಆದರೆ ಅದೇ ಹೊತ್ತಿಗೆ ವಿಮಾ ಏಜೆಂಟರು, ಜೆರಾಕ್ಸ್ ಯಂತ್ರದ ರಿಪೇರಿಯವನು, ಕ್ಯಾಲೆಂಡರ್ ಮಾರುವವನು ಎಲ್ಲರೂ ಒಳನುಗ್ಗಿ ತಲಾ ಒಂದು ಕುರ್ಚಿ ಹಿಡಿದು ಕುಳಿತರೆ ಹೇಗಾದೀತು? ಅವರಲ್ಲಿ ಯಾರೂ ಕೆಟ್ಟವರಲ್ಲ. ಕರೆದಾಗ ಬಂದರೆ ಸಾಕಾಗಿತ್ತು, ಅಷ್ಟೆ.

ಗಣಕಯಂತ್ರದಲ್ಲಿ ನಡೆಯುವುದೂ ಇದೇ. ಯಂತ್ರ ತೆರೆದುಕೊಂಡ ಕೂಡಲೇ ತಾವೂ ಎದ್ದು ಕೂರುವಂತೆ ಹಲವು ತಂತ್ರಾಂಶಗಳು ತಮ್ಮ ಹೆಸರನ್ನು ಹಾಜರಿ ಪಟ್ಟಿಯಲ್ಲಿ ಬರೆಸಿಕೊಂಡಿರುತ್ತವೆ. ಮುದ್ರಕವನ್ನು ಕೊಂಡಾಗ ಅದರ ಸಹಾಯಕ ತಂತ್ರಾಂಶ, ಮಕ್ಕಳು ಹಾಕಿಕೊಂಡ ಹಾಡಿನ ಮತ್ತು ಆಟದ ತಂತ್ರಾಂಶಗಳು, ವೀಡಿಯೋ ಸಭೆಗಾಗಿ ಎಂದೋ ಇಳಿಸಿಕೊಂಡದ್ದು, ಹೀಗೆ ವರ್ಷ ಕಳೆದಂತೆ ಪಟ್ಟಿ ಬೆಳೆಯುತ್ತದೆ. ಸ್ಥಾಪಿಸುವಾಗ ಮಧ್ಯದಲ್ಲೆಲ್ಲೋ ಅನುಮತಿ ಕೇಳಿದ್ದಿರಬಹುದು. "ನೆಕ್ಸ್ಟ್, ನೆಕ್ಸ್ಟ್" ಎಂದು ಒತ್ತುತ್ತಾ ಹೋದ ನಮಗೆ ಅದು ಕಂಡಿರುವುದಿಲ್ಲ.

ಹಾಜರಿ ಪಟ್ಟಿಯನ್ನು ನೋಡುವ ಬಗೆ

ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 11ರಲ್ಲಿ ಅದರ ಎಡಬದಿಯಲ್ಲಿ 'ಸ್ಟಾರ್ಟಪ್ ಆ್ಯಪ್ಸ್' ಎಂಬ ವಿಭಾಗವಿದೆ. ವಿಂಡೋಸ್ 10ರಲ್ಲಿ ಮೇಲ್ಗಡೆ 'ಸ್ಟಾರ್ಟಪ್' ಎಂದಿರುತ್ತದೆ. ಕಿಟಕಿ ಚಿಕ್ಕದಾಗಿ ಕಂಡರೆ ಕೆಳಗಿನ 'ಮೋರ್ ಡೀಟೇಲ್ಸ್' ಒತ್ತಬೇಕು.

ಅಲ್ಲಿ ತಂತ್ರಾಂಶದ ಹೆಸರು, ತಯಾರಿಸಿದ ಸಂಸ್ಥೆ, ಈಗಿನ ಸ್ಥಿತಿ ಮತ್ತು 'ಸ್ಟಾರ್ಟಪ್ ಇಂಪ್ಯಾಕ್ಟ್', ಅಂದರೆ ಆರಂಭದ ಮೇಲೆ ಅದು ಹೇರುವ ಭಾರ, ಕಾಣಸಿಗುತ್ತವೆ. ಈ ಭಾರವನ್ನು ಅಳೆಯಲು ಖಚಿತವಾದ ಮಾನದಂಡವಿದೆ. ಆರಂಭದಲ್ಲಿ ಸಂಸ್ಕಾರಕದ, ಎಂದರೆ ಪ್ರೊಸೆಸರಿನ, ಒಂದು ಸೆಕೆಂಡಿಗಿಂತ ಹೆಚ್ಚು ಸಮಯವನ್ನಾಗಲಿ ಡಿಸ್ಕಿನಿಂದ 3 ಎಂ.ಬಿ.ಗಿಂತ ಹೆಚ್ಚು ಓದು-ಬರಹವನ್ನಾಗಲಿ ಬಳಸಿದರೆ ಅದು 'ಹೈ'. ಸಮಯ 0.3 ಸೆಕೆಂಡಿಗಿಂತ ಕಡಿಮೆಯಿದ್ದು ಓದು-ಬರಹವೂ 300 ಕೆ.ಬಿ.ಗಿಂತ ಕಡಿಮೆಯಿದ್ದರೆ 'ಲೋ'. ನಡುವಿನದು 'ಮೀಡಿಯಂ'. ಒಂದು ಸೆಕೆಂಡು ಎಂದರೆ ಏನು ಮಹಾ ಎನಿಸಬಹುದು. ಹತ್ತು ಹದಿನೈದು ತಂತ್ರಾಂಶಗಳು ಏಕಕಾಲಕ್ಕೆ ಒಂದೇ ಹಳೆಯ ಡಿಸ್ಕಿಗೆ ಮುಗಿಬಿದ್ದಾಗ ಆ ಸೆಕೆಂಡುಗಳು ನಿಮಿಷಗಳಾಗುತ್ತವೆ.

ಬೇಡವಾದದ್ದರ ಮೇಲೆ ಇಲಿಯ ಬಲಗುಂಡಿ ಒತ್ತಿ 'ಡಿಸೇಬಲ್' ಆರಿಸಿದರೆ ಮುಂದಿನ ಸಲದಿಂದ ಅದು ತಾನಾಗಿ ಏಳುವುದಿಲ್ಲ. ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಡಿಸೇಬಲ್ ಮಾಡುವುದೆಂದರೆ ತೆಗೆದುಹಾಕುವುದಲ್ಲ. ತಂತ್ರಾಂಶ ಯಂತ್ರದಲ್ಲಿಯೇ ಇರುತ್ತದೆ, ನಾವು ತೆರೆದಾಗ ತೆರೆಯುತ್ತದೆ. ತಪ್ಪಾಯಿತೆನಿಸಿದರೆ ಅಲ್ಲಿಯೇ 'ಎನೇಬಲ್' ಮಾಡಬಹುದು. ಸೆಟಿಂಗ್ಸ್, ಆ್ಯಪ್ಸ್, ಸ್ಟಾರ್ಟಪ್ ಎಂಬ ದಾರಿಯಲ್ಲಿಯೂ ಬಹುಪಾಲು ಇದೇ ಪಟ್ಟಿ ಸಿಗುತ್ತದೆ.

ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬೇಕು

ಹಾಡು, ಆಟ, ವೀಡಿಯೋ ಸಭೆ, ಹರಟೆಯ ತಂತ್ರಾಂಶಗಳನ್ನು ನಿಶ್ಚಿಂತೆಯಿಂದ ನಿಲ್ಲಿಸಬಹುದು. ಬೇಕಾದಾಗ ತೆರೆದರಾಯಿತು. ಮುದ್ರಕದ ಸಹಾಯಕ ತಂತ್ರಾಂಶವನ್ನು ನಿಲ್ಲಿಸಿದರೂ ಸಾಮಾನ್ಯವಾಗಿ ಮುದ್ರಣ ನಿಲ್ಲುವುದಿಲ್ಲ. ಶಾಯಿ ಮುಗಿಯಿತೆಂಬ ಸೂಚನೆಯಷ್ಟೇ ತಪ್ಪೀತು.

ವೈರಸ್ ನಿರೋಧಕವನ್ನು ಮತ್ತು 'ವಿಂಡೋಸ್ ಸೆಕ್ಯುರಿಟಿ' ಎಂಬ ಹೆಸರಿನದನ್ನು ಮುಟ್ಟಬಾರದು. ಅವು ನಮ್ಮ ಬಾಗಿಲಿನ ಕಾವಲುಗಾರರು. ಧ್ವನಿ, ಟಚ್‌ಪ್ಯಾಡ್, ಚಿತ್ರಫಲಕಗಳಿಗೆ ಸಂಬಂಧಿಸಿದವನ್ನೂ ಹಾಗೆಯೇ ಬಿಡುವುದು ಕ್ಷೇಮ.

ವಿಚಾರ ಮಾಡಿ ನಿರ್ಧರಿಸಬೇಕಾದದ್ದು ಒನ್‌ಡ್ರೈವ್, ಗೂಗಲ್ ಡ್ರೈವ್ ಮುಂತಾದವು. ಮನೆಯ ಫೋಟೋಗಳ ಪ್ರತಿಯನ್ನು ಅವುಗಳ ಮೂಲಕ ಕಾಪಾಡುತ್ತಿದ್ದೀರಾದರೆ ನಿಲ್ಲಿಸಬೇಡಿ. ನಿಲ್ಲಿಸಿದರೆ ಅವನ್ನು ನೀವಾಗಿ ತೆರೆಯುವವರೆಗೆ ಹೊಸ ಕಡತಗಳ ಪ್ರತಿ ಹೋಗುವುದಿಲ್ಲ, ಮತ್ತು ಹೋಗಿಲ್ಲವೆಂದು ನಿಮಗೆ ತಿಳಿಯುವುದೂ ಇಲ್ಲ. ಅವನ್ನು ಬಳಸದ ಮನೆಯಲ್ಲಿ ನಿಲ್ಲಿಸಲು ಅಡ್ಡಿಯಿಲ್ಲ.

ನಮ್ಮವರ ಯಂತ್ರಗಳಲ್ಲಿ ಮಾತ್ರ ಕಾಣುವ ಇನ್ನೊಂದು ಬಗೆಯಿದೆ: ಕನ್ನಡ ಟೈಪಿಂಗ್ ತಂತ್ರಾಂಶ. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ', 1998ರಲ್ಲಿ ಮೊದಲು ಹೊರಬಂದ 'ಬರಹ', ಇವುಗಳಲ್ಲಿ ಒಂದಾದರೂ ನಮ್ಮ ಸದಸ್ಯರ ಮನೆಗಳಲ್ಲಿ ಇದ್ದೇ ಇರುತ್ತದೆ. ದಿನವೂ ಬರೆಯುವವರು ಅದನ್ನು ಹಾಜರಿ ಪಟ್ಟಿಯಲ್ಲಿ ಇರಿಸಿಕೊಳ್ಳಲಿ, ಅದರ ಭಾರ ಅಷ್ಟೇನೂ ಅಲ್ಲ. ಯುಗಾದಿಗೊಂದು ದೀಪಾವಳಿಗೊಂದು ಶುಭಾಶಯ ಬರೆಯುವವರಿಗೆ ಅದರ ಅಗತ್ಯವಿಲ್ಲ. ವಿಂಡೋಸಿನಲ್ಲಿಯೇ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಹಳ ಕಾಲದಿಂದ ಇದೆ. 2019ರ ಮೇ ತಿಂಗಳ ನವೀಕರಣದೊಂದಿಗೆ, ಇಂಗ್ಲಿಷ್ ಅಕ್ಷರಗಳ ಉಚ್ಚಾರಣೆಯಂತೆ ಟೈಪು ಮಾಡುವ ಫೊನೆಟಿಕ್ ಕೀಲಿಮಣೆಯೂ ಸೇರಿತು. ಸೆಟಿಂಗ್ಸಿನ ಭಾಷಾ ವಿಭಾಗದಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಸಾಕು.

ಹೆಸರು ತಿಳಿಯದ ತಂತ್ರಾಂಶ ಕಂಡರೆ ಗಾಬರಿಯಿಂದ ಅಳಿಸಬೇಡಿ. ಅದರ ಮೇಲೆ ಬಲಗುಂಡಿ ಒತ್ತಿದರೆ 'ಸರ್ಚ್ ಆನ್‌ಲೈನ್' ಎಂಬ ಆಯ್ಕೆ ಸಿಗುತ್ತದೆ. ಅದೇನೆಂದು ತಿಳಿದುಕೊಂಡು ಮುಂದುವರಿಯಿರಿ. ಒಮ್ಮೆಗೆ ಎರಡು ಮೂರನ್ನು ಮಾತ್ರ ನಿಲ್ಲಿಸಿ, ಕಾಗದದ ಮೇಲೆ ಗುರುತು ಮಾಡಿಟ್ಟು, ಒಂದೆರಡು ದಿನ ನೋಡಿ, ಆಮೇಲೆ ಉಳಿದವಕ್ಕೆ ಕೈಹಾಕುವುದು ನಮ್ಮ ಪದ್ಧತಿ. ಏನಾದರೂ ಏರುಪೇರಾದರೆ ಯಾವುದರಿಂದ ಆಯಿತೆಂದು ಆಗ ಗೊತ್ತಾಗುತ್ತದೆ.

ಇಷ್ಟು ಮಾಡಿಯೂ ನಿಧಾನವೇ?

ಅದಕ್ಕೆ ಬೇರೆ ಕಾರಣಗಳಿರಬಹುದು. ಸೆಟಿಂಗ್ಸಿನ ಅಕೌಂಟ್ಸ್ ವಿಭಾಗದಲ್ಲಿ, ಸೈನ್ ಇನ್ ಆಯ್ಕೆಗಳ ಕೆಳಗೆ, ಹಿಂದಿನ ಸಲ ತೆರೆದಿದ್ದ ಕೆಲವು ತಂತ್ರಾಂಶಗಳನ್ನು ಮರಳಿ ತೆರೆಯುವ ಒಂದು ಸೌಲಭ್ಯವಿದೆ. ಅದು ಚಾಲನೆಯಲ್ಲಿದ್ದರೆ ಹಾಜರಿ ಪಟ್ಟಿಯಲ್ಲಿ ಇಲ್ಲದವೂ ಎದ್ದು ಬರುತ್ತವೆ. ಬೇಡವಾದರೆ ಆರಿಸಿಬಿಡಿ.

ಇನ್ನೊಂದು ವಿಚಾರ ಅನೇಕರಿಗೆ ತಿಳಿಯದು. ವಿಂಡೋಸ್ 8ರಿಂದ ಈಚೆಗೆ 'ಶಟ್ ಡೌನ್' ಮಾಡಿದಾಗ ಬಹುಪಾಲು ಯಂತ್ರಗಳು ಪೂರ್ತಿಯಾಗಿ ಮಲಗುವುದಿಲ್ಲ. ಬೇಗ ಏಳುವ ಸಲುವಾಗಿ ತಮ್ಮ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತವೆ. ಎಲ್ಲವನ್ನೂ ಹೊಸದಾಗಿ ಆರಂಭಿಸುವುದು 'ರೀಸ್ಟಾರ್ಟ್' ಮಾತ್ರ. ಆದ್ದರಿಂದ ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುವುದು ಒಳ್ಳೆಯ ರೂಢಿ.

ಯಂತ್ರವೇ ಹಳೆಯದಾಗಿ, ತಿರುಗುವ ಹಾರ್ಡ್‌ಡಿಸ್ಕ್ ಮತ್ತು 4 ಜಿ.ಬಿ. ಸ್ಮರಣೆ ಮಾತ್ರ ಇದ್ದರೆ ಹಾಜರಿ ಪಟ್ಟಿಯನ್ನು ಎಷ್ಟು ಕತ್ತರಿಸಿದರೂ ಪ್ರಯೋಜನ ಸೀಮಿತ. ಅಂಥಲ್ಲಿ ಹಳೆಯ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸವನ್ನು ಕಣ್ಣಾರೆ ಕಾಣಬಹುದು.

ನಮ್ಮ ತಪ್ಪು

ಇನ್ನು ನವೀಕರಣದ ವಿಚಾರ. 2018ರ ಅಕ್ಟೋಬರಿನಲ್ಲಿ ಸಂಘದ ರಾಜ್ಯೋತ್ಸವ ಸಂಚಿಕೆಯ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಹಿರಿಯ ಸದಸ್ಯರೊಬ್ಬರು ತಾವು ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡದಲ್ಲಿ ಓದಿದ ಕಥೆಯನ್ನು ನಮ್ಮ ಮನೆಗೇ ಬಂದು ಹೇಳಿದರು. ಅವರು ಹೇಳುತ್ತಾ ಹೋದಂತೆ ನಾವು ಟೈಪು ಮಾಡಿದೆವು. ಸುಮಾರು ಎರಡು ಗಂಟೆಯ ಕಾಲ ಅವರು ನಿಲ್ಲಿಸದೆ ಮಾತನಾಡಿದರು. ಅವರನ್ನು ರಿಕ್ಷಾದಲ್ಲಿ ಕೂರಿಸಿ, ಊಟ ಮುಗಿಸಿ ಬರುವಷ್ಟರಲ್ಲಿ ಯಂತ್ರ ತಾನಾಗಿ ನವೀಕರಣ ಮುಗಿಸಿ, ಮರುಪ್ರಾರಂಭವಾಗಿ, ಶುಭ್ರವಾದ ಪರದೆಯನ್ನು ತೋರಿಸುತ್ತಿತ್ತು. ನಾವು ಬರಹವನ್ನು ಉಳಿಸಿಯೇ ಇರಲಿಲ್ಲ. ಮೊದಲ ಅರ್ಧ ಪುಟ ಮಾತ್ರ ದೊರೆಯಿತು.

ಮರುದಿನ ವಿಷಯ ತಿಳಿಸಿದಾಗ ಅವರು ನಕ್ಕು, "ಇನ್ನೊಮ್ಮೆ ಹೇಳಿದರಾಯಿತು ಬಿಡಿ" ಎಂದರು. ಹೇಳಿದರು ಕೂಡ. ಆದರೆ ಎರಡನೆಯ ಸಲದ್ದು ಸಂಕ್ಷೇಪವಾಯಿತು. ಶಾಲೆಯ ಮಾಸ್ತರರ ಬಗ್ಗೆ ಮೊದಲ ದಿನ ಹೇಳಿದ್ದ ಪ್ರಸಂಗಗಳು ಬರಲಿಲ್ಲ. ನಾವು ನೆನಪಿಸಿದರೆ, "ಅದೆಲ್ಲಾ ಯಾಕೆ" ಎಂದುಬಿಟ್ಟರು.

ಆ ಸಿಟ್ಟಿನಲ್ಲಿ ನಾವು ಯಾರನ್ನೋ ಕೇಳಿ ನವೀಕರಣದ ವ್ಯವಸ್ಥೆಯನ್ನೇ ಸಂಪೂರ್ಣವಾಗಿ ನಿಲ್ಲಿಸಿದೆವು. ಒಂದೂವರೆ ವರ್ಷ ಅದು ನಿಂತೇ ಇತ್ತು. ಅದೇ ಯಂತ್ರದಲ್ಲಿ ನಾವು ಬ್ಯಾಂಕಿನ ಖಾತೆ ನೋಡುತ್ತಿದ್ದೆವು, ವಿದ್ಯುತ್ ಬಿಲ್ಲು ಕಟ್ಟುತ್ತಿದ್ದೆವು, ತೆರಿಗೆಯ ವಿವರ ಸಲ್ಲಿಸುತ್ತಿದ್ದೆವು. ಕೌಂಟರಿನಲ್ಲಿ ಕುಳಿತು ಗ್ರಾಹಕರಿಗೆ "ಎಚ್ಚರ, ಎಚ್ಚರ" ಎಂದು ಹೇಳುವ ನಮ್ಮ ಮನೆಯ ಬಾಗಿಲೇ ತೆರೆದಿತ್ತು. 2020ರಲ್ಲಿ ಮನೆಯಿಂದಲೇ ಕೆಲಸ ಮಾಡಲು ಕುಳಿತ ಮಗಳು ಅದನ್ನು ಕಂಡು, "ಅಪ್ಪಾ, ಇದೇನು ಮಾಡಿಟ್ಟಿದ್ದೀರಿ?" ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಅದೃಷ್ಟದಿಂದ ಏನೂ ಕಳೆದುಹೋಗಿರಲಿಲ್ಲ.

ನವೀಕರಣ ಏಕೆ ಬೇಕು

ನವೀಕರಣವೆಂದರೆ ಹೊಸ ಬಣ್ಣ, ಹೊಸ ಚಿತ್ರ ಎಂದೇ ಅನೇಕರ ಭಾವನೆ. ಅದರ ಮುಖ್ಯ ಭಾಗ ಬೇರೆ. ತಂತ್ರಾಂಶದಲ್ಲಿ ಕಂಡುಬಂದ ಬಿರುಕುಗಳನ್ನು ಮುಚ್ಚುವುದು ಅದರ ಕೆಲಸ. ಬಿರುಕು ಮುಚ್ಚುವ ತೇಪೆ ಪ್ರಕಟವಾದಾಗ ಬಿರುಕು ಎಲ್ಲಿತ್ತೆಂಬುದು ಕಳ್ಳರಿಗೂ ತಿಳಿಯುತ್ತದೆ. ಆದ್ದರಿಂದ ತೇಪೆ ಹಾಕಿಸಿಕೊಳ್ಳದವರ ಅಪಾಯ ಆ ದಿನದಿಂದ ಹೆಚ್ಚುತ್ತಲೇ ಹೋಗುತ್ತದೆ.

2017ರ ಪ್ರಸಂಗ ಇದಕ್ಕೆ ಸಾಕ್ಷಿ. ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಮುಖ್ಯ ತೇಪೆಯನ್ನು ಬಿಡುಗಡೆ ಮಾಡಿತು. ಸುಮಾರು ಎರಡು ತಿಂಗಳ ಬಳಿಕ, ಮೇ 12ರಂದು, ಅದೇ ಬಿರುಕಿನ ಮೂಲಕ 'ವಾನಾಕ್ರೈ' ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಹರಡಿ, ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಹಿಡಿದು, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ತಪಾಸಣೆಗಳನ್ನೇ ಮುಂದೂಡಬೇಕಾಯಿತು. ಮಾರ್ಚಿನ ತೇಪೆ ಹಾಕಿಸಿಕೊಂಡಿದ್ದ ಯಂತ್ರಗಳಿಗೆ ಆ ಬಿರುಕಿನ ಮೂಲಕ ಅದು ನುಗ್ಗಲಾಗಲಿಲ್ಲ.

ಹಾಗಾದರೆ ನವೀಕರಣದಿಂದ ತೊಂದರೆಯೇ ಇಲ್ಲವೇ? ಇದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರ್ಣ ನವೀಕರಣದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಕೆಲವೆಡೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಆದರೆ ಅದು ದೊಡ್ಡ ಸಂಸ್ಥೆಗಳು ಬಳಸುವ ತಂತ್ರಾಂಶ, ಮನೆಯ ಯಂತ್ರಗಳಿಗೆ ತಟ್ಟಿದ್ದು ವಿರಳ. ಕೆಟ್ಟ ನವೀಕರಣ ಅಪರೂಪಕ್ಕೆ ಬರುತ್ತದೆ, ಅದರಿಂದ ಸಾಮಾನ್ಯವಾಗಿ ಚೇತರಿಸಿಕೊಳ್ಳಲೂ ಬಹುದು. ತೆರೆದ ಬಾಗಿಲು ಪ್ರತಿದಿನದ ಅಪಾಯ. ಎರಡನ್ನೂ ತೂಗಿ ನೋಡಿದರೆ ನವೀಕರಣದ ಕಡೆಗೇ ತಕ್ಕಡಿ ವಾಲುತ್ತದೆ. ನಾವು ಮಾಡಬೇಕಾದದ್ದು ಅದನ್ನು ನಿಲ್ಲಿಸುವುದಲ್ಲ, ನಮ್ಮ ವೇಳೆಗೆ ಹೊಂದಿಸಿಕೊಳ್ಳುವುದು.

ಹೊಂದಿಸಿಕೊಳ್ಳುವ ಬಗೆ

ಮೊದಲನೆಯದು ಬಳಕೆಯ ವೇಳೆ. ಸೆಟಿಂಗ್ಸಿನ ವಿಂಡೋಸ್ ಅಪ್‌ಡೇಟ್ ವಿಭಾಗದಲ್ಲಿ 'ಆ್ಯಕ್ಟಿವ್ ಅವರ್ಸ್' ಎಂದಿದೆ. ನಾವು ಅಲ್ಲಿ ಸೂಚಿಸಿದ ಗಂಟೆಗಳಲ್ಲಿ ಯಂತ್ರ ನವೀಕರಣಕ್ಕಾಗಿ ತಾನಾಗಿ ಮರುಪ್ರಾರಂಭವಾಗುವುದಿಲ್ಲ. 2018ರ ನಮ್ಮ ಯಂತ್ರದಲ್ಲಿ ಅದು ಬೆಳಿಗ್ಗೆ 8ರಿಂದ ಸಂಜೆ 5 ಎಂದಿತ್ತು. ಕಚೇರಿಗೆ ಅದು ಸರಿ. ಸಂಜೆ ಲೋಕಲ್ ಹಿಡಿದು ಮನೆ ಸೇರಿ 8ರ ಮೇಲೆ ಯಂತ್ರದ ಮುಂದೆ ಕೂರುವ ನಮ್ಮಂಥವರಿಗೆ ಅದು ಪೂರ್ತಿ ತಲೆಕೆಳಗು. ಒಟ್ಟು 18 ಗಂಟೆಗಳವರೆಗೆ ಸೂಚಿಸಲು ಅವಕಾಶವಿದೆ. ನಾವೀಗ ಬೆಳಿಗ್ಗೆ 7ರಿಂದ ರಾತ್ರಿ 12 ಎಂದು ಇಟ್ಟುಕೊಂಡಿದ್ದೇವೆ. ಅಲ್ಲಿಯೇ, ಮರುಪ್ರಾರಂಭ ಬೇಕಾದಾಗ ಮೊದಲು ತಿಳಿಸುವಂತೆ ಕೇಳುವ ಆಯ್ಕೆಯನ್ನೂ ಚಾಲನೆ ಮಾಡಿ.

ಎರಡನೆಯದು ವಾರದ ಲೆಕ್ಕ. ಮೈಕ್ರೋಸಾಫ್ಟ್ 2003ರಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ಭದ್ರತಾ ನವೀಕರಣವನ್ನು ಬಿಡುಗಡೆ ಮಾಡುತ್ತಾ ಬಂದಿದೆ. ನಮ್ಮಲ್ಲಿ ಆಗ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆಯಾಗಿರುತ್ತದೆ. ಆದ್ದರಿಂದ ಆ ವಾರದ ಶನಿವಾರವೋ ಭಾನುವಾರವೋ ನಾವಾಗಿ ಯಂತ್ರ ತೆರೆದು, 'ಚೆಕ್ ಫಾರ್ ಅಪ್‌ಡೇಟ್ಸ್' ಒತ್ತಿ, ತಿಂಡಿ ತಿನ್ನುವ ಹೊತ್ತಿನಲ್ಲಿ ಕೆಲಸ ಮುಗಿಸಿ ಮರುಪ್ರಾರಂಭಿಸಿದರೆ ಬೇರೆ ಹೊತ್ತಿನಲ್ಲಿ ಅದು ಕಾಡುವುದು ಬಹಳ ಕಡಿಮೆ.

ಮೂರನೆಯದು ಮುಂದೂಡಿಕೆ. ಮದುವೆಯ ಕರೆಯೋಲೆ, ಮಕ್ಕಳ ಪರೀಕ್ಷೆ, ಸಂಚಿಕೆಯ ಕೆಲಸ ಇದ್ದಾಗ 'ಪಾಸ್ ಅಪ್‌ಡೇಟ್ಸ್' ಬಳಸಿ ಒಂದರಿಂದ ಐದು ವಾರಗಳವರೆಗೆ ತಡೆಹಿಡಿಯಬಹುದು. ಕೆಲಸ ಮುಗಿದ ಕೂಡಲೇ ಅದನ್ನು ತೆರವುಗೊಳಿಸಲು ಮರೆಯಬಾರದು.

ನಾಲ್ಕನೆಯದು ಐಚ್ಛಿಕವಾದವು. 'ಆಪ್ಷನಲ್ ಅಪ್‌ಡೇಟ್ಸ್' ಎಂಬಲ್ಲಿರುವುದನ್ನು, ನಿರ್ದಿಷ್ಟ ತೊಂದರೆ ಇಲ್ಲದಿದ್ದರೆ, ಹಾಕಿಕೊಳ್ಳುವ ಅವಸರವಿಲ್ಲ. ಎಲ್ಲಕ್ಕಿಂತ ಮೊದಲು ಹೊಸ ಸೌಲಭ್ಯಗಳು ಬೇಕೆಂದು ಕೇಳುವ ಆಯ್ಕೆಯನ್ನೂ ಆರಿಸಿಯೇ ಇಡಿ. ಮೊಬೈಲಿನ ಅಂತರ್ಜಾಲವನ್ನು ಯಂತ್ರಕ್ಕೆ ಹಂಚಿಕೊಳ್ಳುವವರು ಆ ಸಂಪರ್ಕವನ್ನು 'ಮೀಟರ್ಡ್' ಎಂದು ಗುರುತಿಸಿದರೆ ದೊಡ್ಡ ಕಡತಗಳು ಇಳಿದು ಡೇಟಾ ಮುಗಿಯುವುದು ತಪ್ಪುತ್ತದೆ.

ಅಂತರ್ಜಾಲ ನೋಡುವ ಕ್ರೋಮ್, ಎಡ್ಜ್ ಮುಂತಾದವು ತಾವಾಗಿ ನವೀಕರಣಗೊಳ್ಳುತ್ತವೆ. ಆದರೆ ಅವನ್ನು ಒಮ್ಮೆ ಪೂರ್ತಿ ಮುಚ್ಚಿ ತೆರೆದಾಗಲೇ ಹೊಸದು ಜಾರಿಗೆ ಬರುತ್ತದೆ. ಹತ್ತಾರು ಪುಟಗಳನ್ನು ತಿಂಗಳುಗಟ್ಟಲೆ ತೆರೆದಿಡುವವರು ಇದನ್ನು ಗಮನಿಸಬೇಕು.

ವಿಂಡೋಸ್ 10 ಇರುವವರಿಗೆ ವಿಶೇಷ ಸೂಚನೆ. ಅದಕ್ಕೆ ಉಚಿತ ಭದ್ರತಾ ನವೀಕರಣದ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಣೆ ದೊರೆಯುವುದೆಂದು ಆಗ ಘೋಷಿಸಲಾಯಿತು. ಯಂತ್ರ ಚೆನ್ನಾಗಿಯೇ ನಡೆಯುತ್ತಿದೆ ಎಂಬುದು ಸುರಕ್ಷತೆಯ ಲಕ್ಷಣವಲ್ಲ. ವಿಂಡೋಸ್ 11ಕ್ಕೆ ಅರ್ಹವಾಗಿದ್ದರೆ ಬದಲಾಯಿಸಿಕೊಳ್ಳಿ. ಅಲ್ಲವಾದರೆ, ಭದ್ರತಾ ನವೀಕರಣ ನಿಂತುಹೋದ ಯಂತ್ರದಲ್ಲಿ ಹಣದ ವ್ಯವಹಾರ ಮಾತ್ರ ಬೇಡ.

ಬ್ಯಾಂಕಿನವರ ಒಂದು ಮಾತು

"ನಿಮ್ಮ ಗಣಕಯಂತ್ರದಲ್ಲಿ ವೈರಸ್ ಇದೆ, ನವೀಕರಿಸಿ ಕೊಡುತ್ತೇವೆ" ಎಂದು ಯಾರಾದರೂ ದೂರವಾಣಿ ಮಾಡಿದರೆ ಅದು ಮೋಸವೆಂದೇ ತಿಳಿಯಿರಿ. ನವೀಕರಣ ಯಂತ್ರದೊಳಗಿಂದ ಬರುತ್ತದೆ, ದೂರವಾಣಿಯಲ್ಲಿ ಬರುವುದಿಲ್ಲ. ದೂರದಿಂದಲೇ ಇನ್ನೊಬ್ಬರ ಸಾಧನವನ್ನು ನಡೆಸುವ ತಂತ್ರಾಂಶವನ್ನು ಹಾಕಿಸಿ ಖಾತೆಯಿಂದ ಹಣ ಲಪಟಾಯಿಸುವ ಬಗೆಯ ಕುರಿತು ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತ್ತು. ಹಾಜರಿ ಪಟ್ಟಿಯನ್ನು ನೋಡುವಾಗ ಅಂಥ ತಂತ್ರಾಂಶವೇನಾದರೂ ನಿಮಗೆ ತಿಳಿಯದಂತೆ ಕುಳಿತಿದ್ದರೆ, ಅಂತರ್ಜಾಲದ ಸಂಪರ್ಕ ತೆಗೆದು, ತಿಳಿದವರನ್ನು ಕರೆಸಿ. ಹಣ ಹೋಗಿದ್ದರೆ ನಾಚಿಕೆಯಿಂದ ಸುಮ್ಮನೆ ಕೂರದೆ ಕೂಡಲೇ ನಿಮ್ಮ ಬ್ಯಾಂಕಿಗೂ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೂ ತಿಳಿಸಿ. ಇಂಥಲ್ಲಿ ಮೊದಲ ಕೆಲವು ಗಂಟೆಗಳು ಬಹಳ ಮುಖ್ಯ.

ಕೊನೆಯದಾಗಿ, ಮೇಲಿನ ಎಲ್ಲವನ್ನೂ ಮರೆತರೂ ಒಂದನ್ನು ಮರೆಯಬೇಡಿ. ಬರೆಯಲು ಕುಳಿತ ಕೂಡಲೇ ಕಡತಕ್ಕೊಂದು ಹೆಸರಿಟ್ಟು ಉಳಿಸಿ, ಆಮೇಲೆ ಪ್ರತಿ ಪ್ಯಾರಾಕ್ಕೊಮ್ಮೆ ಕಂಟ್ರೋಲ್ ಮತ್ತು ಎಸ್ ಒತ್ತಿ. ಮುಖ್ಯವಾದದ್ದರ ಒಂದು ಪ್ರತಿ ಯಂತ್ರದ ಹೊರಗೂ ಇರಲಿ. ಆ ಹಿರಿಯರು 2021ರಲ್ಲಿ ತೀರಿಕೊಂಡರು. ಅವರ ರಾತ್ರಿಶಾಲೆಯ ಕಥೆ ಸಂಘದ ಸಂಚಿಕೆಯಲ್ಲಿ ಎರಡು ಪುಟವಾಗಿ ಉಳಿದಿದೆ. ಆರು ಪುಟವಾಗಬೇಕಿತ್ತು. ನಿಮ್ಮ ಮನೆಯಲ್ಲಿಯೂ ಹೇಳಲು ಕಥೆಯಿರುವ ಹಿರಿಯರಿದ್ದರೆ ಈ ಭಾನುವಾರ ಯಂತ್ರವನ್ನು ಸಜ್ಜುಗೊಳಿಸಿ, ಅವರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿ.